ಎಳೆಯುವ ಚಕ್ರದ ಅಳತೆ

ನಮ್ಮ ಮನೆಯ ಹಿತ್ತಲಲ್ಲಿ, ಬಚ್ಚಲ ನೀರು ಹರಿದುಹೋಗುವ ಕಡೆ, ಕಾರಿನ ಚಕ್ರದ ಎರಡು ಕಬ್ಬಿಣದ ಡಿಸ್ಕುಗಳು ಬಿದ್ದಿವೆ. ಬಿದ್ದಿವೆ ಎನ್ನುವುದು ಅವುಗಳಿಗೆ ಮಾಡುವ ಅವಮಾನ, ಅವು ಸೇವೆಯಲ್ಲಿವೆ. ಒಂದರ ಮೇಲೆ ನೀರಿನ ಡ್ರಮ್ಮು ಕೂತಿದೆ. ಇನ್ನೊಂದರೊಳಗೆ ನಮ್ಮ ಮನೆಯ ಕೋಳಿ ಒಣಹುಲ್ಲು ಹಾಸಿಕೊಂಡು ಕಾವಿಗೆ ಕೂರುತ್ತದೆ. ಎರಡೂ ಹದಿಮೂರು ಇಂಚಿನವು. ಬಂದ ನೆಂಟರು ಯಾರಾದರೂ ಕೈತೊಳೆಯಲು ಹಿತ್ತಲಿಗೆ ಹೋಗಿ, "ಇವು ಯಾವ ಕಾರಿನವು?" ಎಂದು ಕೇಳಿಬಿಟ್ಟರೆ ನಾನು ಗಂಟಲು ಸರಿಮಾಡಿಕೊಳ್ಳುತ್ತೇನೆ. ನನ್ನ ಹೆಂಡತಿ ಎದ್ದು ಒಳಗೆ ಹೋಗಿ ಕಾಫಿಗೆ ನೀರಿಡುತ್ತಾಳೆ. ಈ ಕಥೆಯ ಉದ್ದ ಎಷ್ಟು ಲೋಟ ಕಾಫಿ ಎಂಬುದು ಅವಳಿಗೆ ಇಷ್ಟು ವರ್ಷದಲ್ಲಿ ಬಾಯಿಪಾಠವಾಗಿದೆ.

ನೀವು ಕೇಳಲಿಲ್ಲ, ನಿಜ. ಆದರೆ ಇಷ್ಟು ದೂರ ಓದಿದ್ದೀರಿ, ಕೈ ತೊಳೆದಂತೆಯೇ ಲೆಕ್ಕ.

ಚಕ್ರದ ವಿಷಯದಲ್ಲಿ ನನಗೆ ಚಿಕ್ಕಂದಿನಿಂದಲೂ ಒಂದು ಗೌರವವಿದೆ. ನಾವು ಹುಡುಗರಾಗಿದ್ದಾಗ ಊರಿನ ಪ್ರತಿಷ್ಠೆಯೆಲ್ಲ ಟೈರಿನಲ್ಲೇ ಇತ್ತು. ಸೈಕಲ್ ಟೈರು ಓಡಿಸುವವನು ಮೇಲಿನವನು. ಎತ್ತರದ ತೆಳ್ಳನೆ ಟೈರು, ಕೋಲಿನಿಂದ ಒಂದೇಟು ಕೊಟ್ಟರೆ ಅರಳಿಕಟ್ಟೆಯಿಂದ ಕೆರೆ ಏರಿಯವರೆಗೆ ಓಡುತ್ತಿತ್ತು. ಸ್ಕೂಟರ್ ಟೈರು ಸಿಕ್ಕವನು ಕೆಳಗಿನವನು. ಅದು ಗಿಡ್ಡ, ದಪ್ಪ, ಸೋಮಾರಿ. ಹತ್ತು ಹೆಜ್ಜೆ ಹೋಗಿ ತಲೆತಿರುಗಿದವರ ಹಾಗೆ ಗಿರಗಿರನೆ ಸುತ್ತಿ ಮಲಗಿಬಿಡುತ್ತಿತ್ತು. ಸೈಕಲ್ ಟೈರು ನಮ್ಮ ಅಣ್ಣನದು. ಸ್ಕೂಟರ್ ಟೈರು ಯಾರದು ಎಂದು ನಾನು ಹೇಳಬೇಕಾಗಿಲ್ಲ. ಮುಂದೆ ನಾನು ಗಣಿತ, ವಿಜ್ಞಾನದ ಮೇಷ್ಟ್ರಾಗಿ, ಕೆ.ಆರ್. ಪೇಟೆಯ ಹತ್ತಿರದ ಹೈಸ್ಕೂಲಿನಲ್ಲಿ ವೃತ್ತದ ಸುತ್ತಳತೆಯನ್ನು ಅಷ್ಟು ಆವೇಶದಿಂದ ಕಲಿಸುತ್ತಿದ್ದುದಕ್ಕೆ ಮೂಲ ಕಾರಣ ಆ ಸ್ಕೂಟರ್ ಟೈರೇ ಇರಬೇಕು.

ಅಣ್ಣ ಟ್ರಾಕ್ಟರಿನವನಾದ. ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದ. ನಮ್ಮ ಊರು ಪಾಂಡವಪುರದಿಂದ ಕೆ.ಆರ್. ಪೇಟೆಗೆ ಹೋಗುವ ರಸ್ತೆಯಿಂದ ಒಂದು ಮೈಲಿ ಒಳಗೆ. ಆ ಒಂದು ಮೈಲಿಯ ಗಾಡಿಜಾಡಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಅದರ ಎರಡು ಬದಿಯೂ ಆಳದ ಕೊರಕಲು, ನಡುವೆ ಆನೆಯ ಬೆನ್ನಿನ ಹಾಗೆ ಉಬ್ಬಿದ ದಿಬ್ಬ. ಕೊನೆಗೆ ನಾಲೆ ಏರಿಯ ಮೇಲೆ ಹತ್ತಿದರೆ ಟಾರು ರಸ್ತೆ. ಎತ್ತಿನ ಗಾಡಿಗಳ ಕಾಲದಲ್ಲಿ ಕೊರಕಲು ಗೇಣುದ್ದ ಇತ್ತು. ಅದನ್ನು ಮೊಣಕಾಲುದ್ದ ಮಾಡಿದ ಕೀರ್ತಿ ನಮ್ಮ ಮನೆಯ ಟ್ರಾಕ್ಟರಿನ ಕಬ್ಬಿನ ಟ್ರೈಲರಿಗೇ ಸೇರಬೇಕು. ಅಂದರೆ ಮುಂದೆ ನಾನು ಅನುಭವಿಸಿದ ಕಷ್ಟವೆಲ್ಲ ಸ್ವಂತ ಮನೆಯ ಉತ್ಪನ್ನ.

ತೊಂಬತ್ತರ ದಶಕದ ನಡುವೆ ನಾನು ಕಾರು ಕೊಂಡೆ. ಹಳೆಯದು, ಹಾಲಿನ ಬಣ್ಣದ್ದು, ನಾಲ್ಕು ಬಾಗಿಲಿನ ಪುಟ್ಟ ಕಾರು. ಶೋಕಿಗೆ ಕೊಂಡೆ ಎಂದು ಊರಿನಲ್ಲಿ ಮಾತಾಯಿತು. ಅಲ್ಲ. ಅವ್ವನಿಗಾಗಿ ಕೊಂಡೆ.

ಅವ್ವನಿಗೆ ಒಬ್ಬಳೇ ತಂಗಿ, ನಮ್ಮ ಚಿಕ್ಕವ್ವ. ನಾಗಮಂಗಲದಿಂದಾಚೆ ಒಂದು ಹಳ್ಳಿಯಲ್ಲಿದ್ದಳು. ಅಕ್ಕತಂಗಿ ಮುಖ ನೋಡಿ ಒಂಬತ್ತು ವರ್ಷವಾಗಿತ್ತು. ಚಿಕ್ಕವ್ವ ಸೊಂಟ ಮುರಿದುಕೊಂಡು ಕೋಲು ಹಿಡಿದಿದ್ದಳು, ಬರುವಂತಿರಲಿಲ್ಲ. ಅವ್ವನಿಗೆ ಬಸ್ಸು ಹತ್ತಿದರೆ ವಾಂತಿ. ಬಸ್ಸು ಹೊರಡಬೇಕು ಅಂತಲೂ ಇಲ್ಲ, ಕಂಡಕ್ಟರು ಸೀಟಿ ಊದಿದರೆ ಸಾಕು, ಅವ್ವ ಕಿಟಕಿಗೆ ಹೋಗುತ್ತಿದ್ದಳು. ಮೇಲೆ ಮಂಡಿನೋವು, ಟಾರು ರಸ್ತೆಯವರೆಗೂ ನಡೆಯುವಂತಿರಲಿಲ್ಲ. ಟ್ರಾಕ್ಟರ್ ಬಂದ ಮೇಲೆ ಎತ್ತು ಮಾರಿದ್ದೆವು. ಟ್ರೈಲರಿನಲ್ಲಿ ಕೂರಿಸಿದರೆ ಮಂಡಿಯ ಜೊತೆಗೆ ಉಳಿದ ಮೂಳೆಗಳೂ ಲೆಕ್ಕಕ್ಕೆ ಬರುತ್ತಿದ್ದವು. ಹಾಗಾಗಿ ಅಕ್ಕತಂಗಿಯರ ನಡುವೆ ಒಂದು ಸ್ಟೀಲ್ ಡಬ್ಬ ಮಾತ್ರ ಓಡಾಡುತ್ತಿತ್ತು. ಇಲ್ಲಿಂದ ನಿಂಬೆಕಾಯಿ ಉಪ್ಪಿನಕಾಯಿ, ಅಲ್ಲಿಂದ ಹುರಿದ ಅವರೆಕಾಳು. ನಾಗಮಂಗಲದ ಬಸ್ಸಿನ ಡ್ರೈವರು ಅದನ್ನು ಸೀಟಿನ ಕೆಳಗಿಟ್ಟುಕೊಂಡು ಒಯ್ಯುತ್ತಿದ್ದ.

"ಕಾರ್ ತತ್ತೀನಿ ಕಣವ್ವ, ಚಿಕ್ಕವ್ವನ್ ತಾವ ಕರ್ಕೊಂಡೋಯ್ತೀನಿ" ಎಂದೆ.

ಅವ್ವ ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸದೆ ಹೇಳಿದಳು: "ಬಾಗ್ಲಿಗೆ ಬತ್ತದಾ ನಿನ್ ಕಾರು? ಬಾಗ್ಲಿಗ್ ಬಂದ್ರೆ ಅತ್ತೀನಿ. ನನ್ನ ಒತ್ಕೊಂಡೋಗಿ ಕಾರ್ಗೆ ಆಕೋದಾದ್ರೆ ಬ್ಯಾಡ ಬುಡು. ಕಂಡೋರು ಎಣ ತಕ್ಕೊಂಡೋಯ್ತಾವ್ರೆ ಅಂದ್ಕತಾರೆ."

ಷರತ್ತು ಸ್ಪಷ್ಟವಾಗಿತ್ತು. ಕಾರು ಬಾಗಿಲಿಗೆ ಬರಬೇಕು, ಬಾಗಿಲಿನಿಂದಲೇ ಹೊರಡಬೇಕು.

ಕಾರು ಬರಲಿಲ್ಲ. ಮೊದಲ ದಿನವೇ ಆ ನಡುದಿಬ್ಬ ಅದರ ಹೊಟ್ಟೆಯನ್ನು ಕೆರೆದು, ಸೈಲೆನ್ಸರಿನ ಕೊಳವೆಯನ್ನು ಜಗ್ಗಿ, ನೂರು ಗಜದಲ್ಲೇ ನಿಲ್ಲಿಸಿತು. ಕಾರು ಬಲು ಗಿಡ್ಡ. ಅದರ ಚಕ್ರ ಹನ್ನೆರಡು ಇಂಚಿನದು. ನಮ್ಮ ಊರಿನ ಹೆಂಗಸರು ಮುದ್ದೆ ಬೇಯಿಸುವ ಗಡಿಗೆಗಳು ಅದಕ್ಕಿಂತ ದೊಡ್ಡವು. ಚಕ್ರ ದೊಡ್ಡದಾಗಬೇಕು ಎಂಬುದು ನನಗೆ ಆ ಕ್ಷಣವೇ ಹೊಳೆಯಿತು. ಎಷ್ಟು ದೊಡ್ಡದು, ಯಾವ ಚಕ್ರ ಎಂಬುದು ವಿಜ್ಞಾನದ ಪ್ರಶ್ನೆ. ವಿಜ್ಞಾನಕ್ಕೆ ನಾನಿದ್ದೆನಲ್ಲ!

ಮೊದಲು ಟೈರಿನ ಪಕ್ಕದಲ್ಲಿ ಅಚ್ಚಾಗಿದ್ದ ಅಂಕಿಗಳನ್ನು ಓದಿದೆ. ನೂರನಲವತ್ತೈದು, ಎಪ್ಪತ್ತು, ಹನ್ನೆರಡು. ನೂರನಲವತ್ತೈದು ಅಗಲ, ಅದು ಮಿಲಿಮೀಟರಿನಲ್ಲಿ. ಎಪ್ಪತ್ತು ರಬ್ಬರಿನ ಗೋಡೆಯ ಎತ್ತರ, ಅದು ಅಗಲದ ಶೇಕಡಾ ಲೆಕ್ಕ. ಹನ್ನೆರಡು ಒಳಗಿನ ಡಿಸ್ಕು, ಅದು ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮೂರು ಬೇರೆ ಬೇರೆ ಮನೆತನದ ಅಳತೆಗಳು ಮದುವೆ ಮನೆಯ ಬೀಗರ ಹಾಗೆ ಮುಖ ನೋಡಿಕೊಳ್ಳದೆ ಕೂತಿದ್ದವು. ನನ್ನ ಹತ್ತನೇ ತರಗತಿಯ ಮಕ್ಕಳು ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ. ಇಡೀ ಪ್ರಪಂಚವೇ ಹೀಗೆ ಬರೆಯುತ್ತದೆ ಎಂದು ತಿಳಿದಾಗ ಪ್ರಪಂಚವನ್ನು ಮನ್ನಿಸಿ ಮುಂದುವರಿದೆ.

ಎರಡನೆಯದು ಸಿದ್ಧಾಂತ. ಹಳೆಯ ಕಾಲದ ಟ್ಯಾಕ್ಸಿಗಳಲ್ಲಿ ಎಂಜಿನ್ನಿನ ಬಲ ಹಿಂದಿನ ಚಕ್ರಕ್ಕೆ ಹೋಗಿ, ಕಾರನ್ನು ಹಿಂದಿನಿಂದ ತಳ್ಳುತ್ತಿತ್ತು. ನನ್ನ ಪುಟ್ಟ ಕಾರಿನಲ್ಲಿ ಹಾಗಲ್ಲ, ಮುಂದಿನ ಚಕ್ರಗಳೇ ಎಳೆಯುವವು, ಹಿಂದಿನವು ಸುಮ್ಮನೆ ಹಿಂಬಾಲಿಸುವವು. ಈ ವಿಷಯವನ್ನು ರಾತ್ರಿ ಊಟಕ್ಕೆ ಕೂತಾಗ ಅಣ್ಣನಿಗೆ ವಿವರಿಸಿದೆ.

ಅಣ್ಣ ಮುದ್ದೆ ಮುರಿಯುತ್ತ, "ಅಂಗಾದ್ರೆ ಸುಲ್ಬ ಬುಡ್ಲಾ" ಎಂದ. "ನಮ್ ಟ್ರಾಕ್ಟ್ರು ನೋಡು. ಎಳ್ಯೋದು ಇಂದಿನ್ ಚಕ್ರ. ಅದ್ಕೇ ಇಂದಿಂದು ಆಳೆತ್ರ, ಮುಂದಿಂದು ಕುಳ್ಳ. ನಿಂದ್ರಲ್ಲಿ ಎಳ್ಯೋದು ಮುಂದಿಂದು ತಾನೆ?"

"ಮುಂದಿಂದು."

"ಇನ್ನೇನು ಮತ್ತೆ? ಮುಂದಿಂದು ದೊಡ್ಡದು ಮಾಡ್ಸು."

ಇಪ್ಪತ್ತು ವರ್ಷದಲ್ಲಿ ಅಣ್ಣ ಮತ್ತು ನಾನು ಒಪ್ಪಿದ ಮೊದಲ ವಿಷಯ ಅದು. ಎಳೆಯುವ ಚಕ್ರ ದೊಡ್ಡದಿರಬೇಕು! ತತ್ತ್ವ ಎಷ್ಟು ಸರಳ, ಎಷ್ಟು ಸುಂದರ. ಕಾರು ತಯಾರಿಸುವ ದೊಡ್ಡ ದೊಡ್ಡ ಎಂಜಿನಿಯರುಗಳಿಗೆ ಇದು ಹೊಳೆಯದೆ ಹೋದದ್ದು ಅವರ ಊರಿನಲ್ಲಿ ಟ್ರಾಕ್ಟರು ಇಲ್ಲದ್ದರಿಂದ ಎಂದುಕೊಂಡೆ. ಪಾಪ.

ಶ್ರೀರಂಗಪಟ್ಟಣದ ಹೆದ್ದಾರಿ ಬದಿಯಲ್ಲಿ ಬಾಷಾ ಸಾಹೇಬರ ಟೈರಂಗಡಿ. ಸಾಹೇಬರು ಬಿಳಿ ಗಡ್ಡದ, ಬಹಳ ಮರ್ಯಾದೆಯ ಮನುಷ್ಯ. ನನಗೆ ಮುಂದಿನ ಎರಡು ಚಕ್ರಕ್ಕೆ ಮಾತ್ರ ಹದಿಮೂರು ಇಂಚಿನ ಡಿಸ್ಕೂ ಅದಕ್ಕೆ ತಕ್ಕ ಎತ್ತರದ ಟೈರೂ ಬೇಕೆಂದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನಾಲ್ಕೂ ಒಂದೇ ಸೈಜ್ ಹಾಕ್ಸಿ ಮೇಷ್ಟ್ರೇ. ಅದೇ ರಿವಾಜು."

ನಾನು ಜೇಬಿನಿಂದ ಸೀಮೆಸುಣ್ಣ ತೆಗೆದೆ. ಮೇಷ್ಟ್ರ ಜೇಬಿನಲ್ಲಿ ಅದು ಯಾವಾಗಲೂ ಇರುತ್ತದೆ. ಅವರ ಅಂಗಡಿಯ ಸಿಮೆಂಟು ನೆಲದ ಮೇಲೆ ಒಂದು ಟ್ರಾಕ್ಟರು ಬರೆದೆ, ಪಕ್ಕದಲ್ಲಿ ಒಂದು ಕಾರು ಬರೆದೆ, ಬಾಣದ ಗುರುತು ಹಾಕಿದೆ. ಸಾಹೇಬರು ಪೂರ್ತಿ ಕೇಳಿಸಿಕೊಂಡು, "ನೀವು ಓದಿದೋರು" ಎಂದರು. ಈ ಮಾತಿಗೆ ನಮ್ಮ ಕಡೆ ಏನು ಅರ್ಥ ಎಂದು ನನಗೆ ಆಗ ತಿಳಿಯಲಿಲ್ಲ. ಹೊಗಳಿಕೆ ಎಂದುಕೊಂಡು ಕೈಮುಗಿದೆ.

ಹೊರಡುವಾಗ ಒಂದು ಮಾತು ಸೇರಿಸಿದರು: "ಸ್ಟೇರಿಂಗ್ ಪೂರಾ ತಿರುಗಿಸ್ಬೇಡಿ. ಟೈರು ಮಡ್‌ಗಾರ್ಡಿಗೆ ತಾಗ್ತದೆ. ಆರಾಮ್ಸೇ ತಿರುಗಿಸಿ."

ಮುಂದಿನ ಒಂದು ವಾರ ನನ್ನ ಬಾಳಿನ ವೈಭವದ ವಾರ. ಕಾರು ಮೂತಿ ಎತ್ತಿಕೊಂಡು ನಿಲ್ಲುತ್ತಿತ್ತು, ದನದ ಜಾತ್ರೆಯಲ್ಲಿ ಬಹುಮಾನ ಬಂದ ಹೋರಿಯ ಹಾಗೆ. ತಿರುವುಗಳಲ್ಲಿ ಮಾತ್ರ ಮೂರು ಕಂತಿನಲ್ಲಿ ತಿರುಗಬೇಕಿತ್ತು. ಸಂಜೆ ದೀಪ ಹಾಕಿದರೆ ಬೆಳಕು ರಸ್ತೆಯನ್ನು ಬಿಟ್ಟು ಹುಣಸೆಮರದ ಕೊಂಬೆಗಳ ಮೇಲೆ ಬೀಳುತ್ತಿತ್ತು. ಅಲ್ಲಿ ಮಲಗಲು ತಯಾರಾಗುತ್ತಿದ್ದ ಕೊಕ್ಕರೆಗಳೆಲ್ಲ ನನ್ನನ್ನು ನೋಡುತ್ತಿದ್ದವು. ಇನ್ನೊಂದು ಸೋಜಿಗ: ನನ್ನ ಮೀಟರಿನ ಪ್ರಕಾರ ಕೆ.ಆರ್. ಪೇಟೆ ನಮ್ಮೂರಿಗೆ ಮೂರು ನಾಲ್ಕು ಕಿಲೋಮೀಟರು ಹತ್ತಿರ ಬಂದುಬಿಟ್ಟಿತ್ತು. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಹೆಚ್ಚು ದೂರ ಉರುಳುತ್ತದೆ, ಮೀಟರಿಗೆ ಅದು ಗೊತ್ತಿಲ್ಲ, ಅದು ಹಳೇ ಲೆಕ್ಕವನ್ನೇ ಎಣಿಸುತ್ತದೆ. ಕಾರಣ ಗೊತ್ತಿದ್ದರೂ ಒಂದು ತಾಲ್ಲೂಕನ್ನು ಹತ್ತಿರ ಎಳೆದುಕೊಂಡವನ ಹೆಮ್ಮೆ ಹೆಮ್ಮೆಯೇ. ಸ್ಟಾಫ್ ರೂಮಿನಲ್ಲಿ ಹೇಳಿದೆ. ಹೆಡ್‌ಮಾಸ್ಟರು, "ಹಾಗಾದರೆ ನಾಳೆಯಿಂದ ಪ್ರಾರ್ಥನೆಗೆ ಸರಿಯಾಗಿ ಬನ್ನಿ" ಎಂದರು.

ಎಲ್ಲಕ್ಕಿಂತ ಮುಖ್ಯ, ಖಾಲಿ ಕಾರು ಆ ದಿಬ್ಬದ ಜಾಡಿನಲ್ಲಿ ತೇಲುತ್ತ ಬಂದು ಬಾಗಿಲಿಗೆ ನಿಂತಿತು. ಅವ್ವ ಹೊರಗೆ ಬಂದು ನೋಡಿದಳು. ಒಳಗೆ ಹೋಗಿ ಹಸಿರು ರೇಷ್ಮೆ ಸೀರೆ ಬಿಸಿಲಿಗೆ ಹಾಕಿದಳು.

ಭಾನುವಾರ ಹೊರಟೆವು. ಅವ್ವ ಹಿಂದಿನ ಸೀಟಿನಲ್ಲಿ, ದೊಡ್ಡವರು ಕೂರುವ ಜಾಗ ಅದೇ ಎಂದು ನಾನೇ ಬಾಗಿಲು ತೆಗೆದು ಕೂರಿಸಿದೆ. ಅವಳ ಪಕ್ಕದಲ್ಲಿ ಒಂದು ಮೂಟೆ ರಾಗಿ. ಡಿಕ್ಕಿಯಲ್ಲಿ ಒಂದು ಚೀಲ ತೆಂಗಿನಕಾಯಿ, ಬೆಲ್ಲದ ಪಿಂಡಿ, ಬಾಳೆಗೊನೆ. ಮುಂದೆ ನಾನೊಬ್ಬನೇ. ಬೀದಿಯವರೆಲ್ಲ ಹೊರಗೆ ಬಂದು ನೋಡುತ್ತಿದ್ದರು. ಜಾಡಿನುದ್ದಕ್ಕೂ ಹೊಟ್ಟೆ ಒಂದೆರಡು ಸಲ ಕೆರೆದದ್ದು ಬಿಟ್ಟರೆ ತೊಂದರೆಯಿರಲಿಲ್ಲ. ನಾಲೆ ಏರಿ ಬಂತು. ಕಾರು ಅರ್ಧ ಏರಿತು.

ಅಲ್ಲಿ ಮುಂದಿನ ಚಕ್ರಗಳು ತಿರುಗಿದವು. ಬಹಳ ಚೆನ್ನಾಗಿ ತಿರುಗಿದವು. ಕಾರು ಮಾತ್ರ ಹೋಗಲಿಲ್ಲ. ಧೂಳೆದ್ದಿತು, ಮೂತಿ ಇನ್ನಷ್ಟು ಮೇಲಕ್ಕೆದ್ದಿತು. ನನಗೆ ಕನ್ನಡಿಯಲ್ಲಿ ಅವ್ವನ ಮುಖ, ಎದುರಿಗೆ ಬರೀ ಆಕಾಶ ಕಾಣುತ್ತಿತ್ತು. ಆಮೇಲೆ ಕಾರು ಮೆಲ್ಲಗೆ ಹಿಂದಕ್ಕೆ ಜಾರಿ, ನಡುದಿಬ್ಬದ ಮೇಲೆ ಹೊಟ್ಟೆಯಿಟ್ಟು ಆಮೆಯ ಹಾಗೆ ಕೂತುಬಿಟ್ಟಿತು.

ಅವ್ವ ತಾನೇ ಬಾಗಿಲು ತೆಗೆದು ಇಳಿದಳು. ಸೆರಗು ಸರಿಮಾಡಿಕೊಂಡು ಕಾರನ್ನು ಒಂದು ಸುತ್ತು ನೋಡಿದಳು.

"ಮುಂದಕ್ ಓಗು ಅಂದ್ರೆ ಮ್ಯಾಕ್ ನೋಡ್ತದಲ್ಲಾ ಇದು. ದೇವ್ರು ಗೀವ್ರು ಕಾಣ್ತಾವ್ನಾ ಅದ್ಕೆ?"

ಆಮೇಲೆ ಮಂಡಿ ಹಿಡಿದುಕೊಂಡು ಮನೆಯ ಕಡೆ ನಡೆದಳು. ಹಿಡಿದುಕೊಳ್ಳಲು ಹೋದೆ, ಕೈ ಕೊಡವಿದಳು. ಬೀದಿಯವರೆಲ್ಲ ಇನ್ನೂ ಹೊರಗೇ ನಿಂತಿದ್ದರು. ಮನೆಗೆ ಬಂದು ನೋಡಿದರೆ ಹಸಿರು ಸೀರೆ ಮಡಿಚಿ ಪೆಟ್ಟಿಗೆ ಸೇರಿತ್ತು, ಅವ್ವ ಹಳೇ ಸೀರೆಯಲ್ಲಿ ಒಲೆ ಊದುತ್ತಿದ್ದಳು. "ನಿನ್ ಚಿಕ್ಕವ್ವ ಕಾಯ್ತಾ ಕೂತಿರ್ತಾಳೆ ಕಣ್ಲಾ" ಎಂದಳು, ಒಲೆಯ ಕಡೆಗೇ ಮುಖ ಮಾಡಿಕೊಂಡು. ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಣ್ಣ ಟ್ರಾಕ್ಟರು ತಂದು, ಹಗ್ಗ ಕಟ್ಟಿ ಕಾರನ್ನು ಎಳೆದ. ಎಳೆಯುವಾಗ ತನ್ನ ಟ್ರಾಕ್ಟರಿನ ಹಿಂದಿನ ಚಕ್ರವನ್ನು ತಟ್ಟಿ ತೋರಿಸಿದ. ಸಿದ್ಧಾಂತ ಅವನದೂ ಆಗಿತ್ತು ಎಂಬುದನ್ನು ಅವನು ಆಗಲೇ ಮರೆತಿದ್ದ.

ನಮ್ಮ ಬೀದಿಯ ತುದಿಯಲ್ಲಿ ಚನ್ನಾಚಾರ್ರ ಕೊಟ್ಟಿಗೆ. ಒಂದು ಕಾಲಕ್ಕೆ ಸುತ್ತಲ ಹದಿನಾರು ಹಳ್ಳಿಗೆ ಗಾಡಿಚಕ್ರ ಮಾಡಿಕೊಟ್ಟವರು ಅವರು. ಗಾಡಿಗಳು ಹೋದ ಮೇಲೆ ಬಾಗಿಲು ಕಿಟಕಿ ಮಾಡುತ್ತಿದ್ದರು. ಚಕ್ರಕ್ಕೆ ಕಬ್ಬಿಣದ ಪಟ್ಟಾ ಹಾಕುವ ದಿನ ನಾವು ಹುಡುಗರು ಶಾಲೆಗೆ ಚಕ್ಕರ್ ಹೊಡೆಯುತ್ತಿದ್ದೆವು. ಬೆರಣಿ ಬೆಂಕಿಯಲ್ಲಿ ಪಟ್ಟಾ ಕೆಂಪಗೆ ಕಾಯುತ್ತಿತ್ತು. ಇಬ್ಬರು ಇಕ್ಕಳದಲ್ಲಿ ಎತ್ತಿ ಮರದ ಚಕ್ರಕ್ಕೆ ತೊಡಿಸಿದ ಕೂಡಲೇ ಹೊಗೆ, ಬೆಂಕಿ, ಕೊಡಗಟ್ಟಲೆ ನೀರು, ಚುಂಯ್ ಎಂಬ ಸದ್ದು. ಪಟ್ಟಾ ಕುಗ್ಗಿ ಮರವನ್ನು ಹಿಡಿದುಕೊಳ್ಳುತ್ತಿತ್ತು. ಪಟ್ಟಾ ಚೂರು ದೊಡ್ಡದಾದರೆ ಕಳಚುತ್ತದೆ, ಚೂರು ಚಿಕ್ಕದಾದರೆ ಚಕ್ರದೊಳಗಿನ ಮರದ ಕಾಲು ಮುರಿಯುತ್ತದೆ. ಆ ಅಳತೆಯನ್ನು ಆಚಾರ್ರು ಒಂದು ಹುರಿಯಲ್ಲಿ ತೆಗೆಯುತ್ತಿದ್ದರು. ಅವರಿಗೆ ವೃತ್ತದ ಸೂತ್ರ ಗೊತ್ತಿರಲಿಲ್ಲ. ನಾನು ಆ ಸೂತ್ರ ಕಲಿಸಿ ಸಂಬಳ ತೆಗೆದುಕೊಳ್ಳುತ್ತಿದ್ದೆ, ನನಗೆ ಆ ಹುರಿ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಆಚಾರ್ರು ತಾವಾಗಿಯೇ ಬಂದರು. ಬೆನ್ನ ಹಿಂದೆ ಕೈಕಟ್ಟಿಕೊಂಡು ಕಾರನ್ನು ನೋಡಿದರು.

"ಇದ್ರ ಎತ್ತು ಎಲ್ಲವೆ ಮೇಷ್ಟ್ರೇ?"

ಮುಂಭಾಗದ ಮುಚ್ಚಳ ತೆಗೆದು ಎಂಜಿನ್ ತೋರಿಸಿದೆ.

"ಎಳ್ಯೋ ಚಕ್ರ?"

"ಇವೇ. ಎಂಜಿನ್ ಕೆಳಗಿನವು."

"ನೆನ್ನೆ ಅವ್ವಾರ್ನ ಎಲ್ಲಿ ಕೂರ್ಸಿದ್ರಿ? ಮೂಟೆ ಎಲ್ಲಿ ಮಡ್ಗಿದ್ರಿ?"

"ಹಿಂದೆ."

ಆಚಾರ್ರು ನಕ್ಕುಬಿಟ್ಟರು. ಅವರಿಗೆ ಮುಂದಿನ ಎರಡು ಹಲ್ಲಿರಲಿಲ್ಲ, ನಗು ಸೀಟಿಯ ಹಾಗೆ ಬಂತು.

"ಇಂಬಾರ ಆಗೈತೆ ಕಣಪ್ಪ! ಗಾಡಿ ಒಡೆಯೋ ಐಕ್ಳಿಗೂ ಗೊತ್ತು ಇದು. ಇಂದ್ಗಡೆ ಎಚ್ಚು ಏರುದ್ರೆ ಮುಂದ್ಲ ಮೂಕಿಮರ ಮ್ಯಾಕ್ಕೇಳ್ತದೆ, ನೊಗ ಎತ್ತಿನ್ ಎಗ್ಲು ಬುಡ್ತದೆ. ಎಗ್ಲು ಮ್ಯಾಲೆ ಬಾರ ಇಲ್ದಿದ್ರೆ ಎತ್ತು ಎಂಗ್ ಎಳೀತದೆ? ಟ್ರಾಕ್ಟ್ರು ಬಾರವೆಲ್ಲ ಇಂದ್ಲ ಚಕ್ರದ್ ಮ್ಯಾಲೈತೆ, ಅದ್ಕೆ ಎಳೀತದೆ. ದೊಡ್ದು ಅಂತ ಎಳ್ಯಕಿಲ್ಲ. ನೀವು ಮೊದ್ಲೇ ಎತ್ತಿನ್ ತಲೆ ಮ್ಯಾಕ್ ಎತ್ತಿ ನಿಲ್ಸಿದ್ದೀರಿ, ಮ್ಯಾಲೆ ಇಂದ್ಗಡೆ ರಾಗಿ ಮೂಟೆ!"

ಎಂಜಿನ್ನಿನ ಮೇಲೆ ಬಾಗಿದ್ದ ನಾನು ನೆಟ್ಟಗೆ ನಿಂತೆ. ತರಗತಿಯಲ್ಲಿ ತಪ್ಪು ಉತ್ತರ ಹೇಳಿದ ಹುಡುಗ ನಿಲ್ಲುತ್ತಾನಲ್ಲ, ಹಾಗೆ. ಗುರುತ್ವ ಕೇಂದ್ರ, ಘರ್ಷಣೆ, ಎಲ್ಲ ನನ್ನ ಪುಸ್ತಕದಲ್ಲೇ ಇದ್ದವು. ಇವರ ಬಾಯಲ್ಲಿ ಬರುವವರೆಗೆ ಅವು ಕಾರಿಗೂ ಸೇರಿದ ವಿಷಯ ಎಂದು ನನಗೆ ತೋರಿರಲಿಲ್ಲ.

ಆಚಾರ್ರು ಕಾರನ್ನು ಕಣಕ್ಕೆ ತರಿಸಿದರು. ಮುಂದಿನ ಟೈರು ನೆಲಕ್ಕೆ ತಾಗುವ ಕಡೆ ಸುಣ್ಣದ ಗೀಟು, ನೆಲದ ಮೇಲೂ ಒಂದು ಗೀಟು. ಅಣ್ಣ ಮತ್ತು ನಾನು ಕಾರು ನೂಕಿದೆವು. ಟೈರಿನ ಗೀಟು ಒಂದು ಸುತ್ತು ಸುತ್ತಿ ಮತ್ತೆ ನೆಲ ಮುಟ್ಟಿದ ಕಡೆ ಇನ್ನೊಂದು ಗುರುತು. ಹುರಿ ಹಿಡಿದು ಗಂಟು ಹಾಕಿದರು. ಹಿಂದಿನ ಚಕ್ರಕ್ಕೂ ಹಾಗೆಯೇ. ಮುಂದಿನದು ಆರಡಿಗೆ ಚೂರು ಕಡಿಮೆ, ಹಿಂದಿನದು ಐದೂಕಾಲು ಅಡಿ. ಎರಡು ಗಂಟುಗಳ ನಡುವೆ ತಮ್ಮ ಕೈ ಇಟ್ಟು ನೋಡಿದರು. ಹತ್ತಿರ ಹತ್ತಿರ ಒಂದು ಗೇಣು.

"ಒಂದ್ ಸುತ್ತಿಗೆ ನಾಕ್ ಬೆಳ್ಳು ಎಚ್ಚಾದ್ರೆ ಎತ್ತಿಗೆ ಗೊತ್ತಾಗಕಿಲ್ಲ. ಗೇಣು ಎಚ್ಚಾದ್ರೆ ದಿಣ್ಣೇಲಿ ಕುಯ್ಯೋ ಅಂತದೆ. ನಾಕೂ ಚಕ್ರ ಒಂದೇ ಅಳ್ತೆ ಇರ್ಲಿ, ಈಗಿರೋ ಇಂದ್ಲ ಚಕ್ರಕ್ಕಿಂತ ನಾಕ್ ಬೆಳ್ಳು ಎಚ್ಗೆ. ನಡೀರಿ, ನಾನೂ ಬತ್ತೀನಿ."

ಬಾಷಾ ಸಾಹೇಬರ ಅಂಗಡಿಗೆ ಹೋದಾಗ ನನ್ನ ಟ್ರಾಕ್ಟರಿನ ಚಿತ್ರ ನೆಲದ ಮೇಲೆ ಇನ್ನೂ ಅರ್ಧ ಉಳಿದಿತ್ತು. ಸಾಹೇಬರು ಅದರ ಮೇಲೆ ಒಂದು ಸ್ಟೂಲು ಎಳೆದು ಆಚಾರ್ರನ್ನು ಕೂರಿಸಿದರು. ನನ್ನ ಮರ್ಯಾದೆ ಕಾಯ್ದರೋ, ಆಚಾರ್ರಿಗೆ ಮರ್ಯಾದೆ ಮಾಡಿದರೋ ಇವತ್ತಿಗೂ ತಿಳಿಯದು.

ನನ್ನ ಕಣ್ಣು ಮೊದಲು ಹೋದದ್ದು ಗೋಡೆಗೆ ಒರಗಿಸಿದ್ದ ಅಗಲ ಟೈರುಗಳ ಮೇಲೆ. ಬೆಳ್ಳಿಯ ಹಾಗೆ ಹೊಳೆಯುವ ಡಿಸ್ಕು, ಅಂಗೈಯಗಲ ಹೆಚ್ಚಿನ ರಬ್ಬರು. ಏನು ಗಾಂಭೀರ್ಯ! ಮುಟ್ಟಿ ನೋಡಿದೆ.

"ಅಗ್ಲ ಯಾತಕ್ಕೆ?" ಎಂದರು ಆಚಾರ್ರು. "ಕೆಸ್ರಲ್ಲಿ ಅಗ್ಲ ಚಕ್ರ ತೇಲ್ತದೆ. ಸಣ್ಣ ಚಕ್ರ ಗಟ್ಟಿ ನೆಲ ಸಿಕ್ಕೋಗಂಟ ಇಳೀತದೆ. ನಮ್ಮ ಜಾಡ್ಗೆ ಸಣ್ದೇ ಸರಿ."

"ಬಿಲ್ಕುಲ್ ಸಹಿ" ಎಂದರು ಸಾಹೇಬರು. "ಮತ್ತೆ ಈ ಕಾರಿಗೆ ಅಗಲ ಹಾಕಿದ್ರೆ ಸ್ಟೇರಿಂಗ್ ತಿರುಗ್ಸೋಕೆ ಪೈಲ್ವಾನ್ ಬೇಕು. ತಿರುಗೋದೂ ಅದೇ ಚಕ್ರ, ಎಳೆಯೋದೂ ಅದೇ ಚಕ್ರ. ಎಷ್ಟು ಕೆಲಸ ಮಾಡ್ತದೆ ಪಾಪ, ಅದರ ಮೇಲೆ ಶೋಕಿ ಬೇರೆ ಹೊರಿಸ್ತೀರಾ?"

ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿ ನೋಡಿಕೊಂಡರು. ಸಾಹೇಬರು ಒಳಗಿನಿಂದ ಒಂದು ಟೈರು ಉರುಳಿಸಿ ತಂದರು. ಸಾಮಾನು ಸಾಗಿಸುವ ಪುಟ್ಟ ವ್ಯಾನುಗಳಿಗೆ ಹಾಕುವಂಥದು. ಅದೇ ಹನ್ನೆರಡಿಂಚಿನ ಡಿಸ್ಕಿಗೆ ಕೂರುತ್ತದೆ, ಅಗಲವೂ ಅದೇ ನೂರನಲವತ್ತೈದು. ಗೋಡೆ ಮಾತ್ರ ಎಪ್ಪತ್ತರ ಬದಲು ಎಂಬತ್ತು. ಆಚಾರ್ರು ಅದರ ಸುತ್ತ ಹುರಿ ಸುತ್ತಿದರು, ಹಳೇ ಟೈರಿನ ಸುತ್ತ ಸುತ್ತಿದರು, ಎರಡನ್ನೂ ಹಿಡಿದು ಬೆರಳಿಟ್ಟರು. ನಾಲ್ಕು ಬೆರಳು, ಮೇಲೆ ಅರ್ಧ ಬೆರಳು. ಅಂಗಡಿಯಲ್ಲಿ ಎಲ್ಲರೂ ಉಸಿರು ಹಿಡಿದಿದ್ದೆವು.

"ಅರ್ಧ ಬೆಳ್ಳು ಮಾಫಿ" ಎಂದರು ಆಚಾರ್ರು.

ನಾನು ಕಾಗದದ ಮೇಲೆ ಸೂತ್ರ ಹಾಕಿ ಗುಣಿಸಿ ನೋಡಿದೆ. ಒಂದು ಸುತ್ತಿಗೆ ಮೂರೂವರೆ ಇಂಚಿನ ಮೇಲೆ ಚೂರು. ಕಾರು ನೆಲದಿಂದ ಅರ್ಧ ಇಂಚಿಗಿಂತ ತುಸು ಹೆಚ್ಚು ಏಳುತ್ತದೆ. ಉತ್ತರ ಸರಿಬಂತು ಎಂದು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹದಿಮೂರಿಂಚಿನ ಎರಡು ಡಿಸ್ಕುಗಳನ್ನು ಹಿತ್ತಲಿಗೆ ಎಂದು ಎತ್ತಿಟ್ಟುಕೊಂಡು, ಹಳೆಯ ಹನ್ನೆರಡಿಂಚಿನವನ್ನೇ ಮತ್ತೆ ಕೂರಿಸಿ, ನಾಲ್ಕಕ್ಕೂ ಈ ಟೈರನ್ನೇ ಹಾಕಿಸಿ, ಸ್ಟೆಪ್ನಿಗೂ ಹಾಕಿಸಿ, ಪರೀಕ್ಷೆಗೆಂದು ಕರಿಘಟ್ಟದ ಏರು ಹತ್ತಿಸಿದೆವು. ಮುಂದೆ ಆಚಾರ್ರು ಕೂತರು, "ನಾನೇ ಮುಂಬಾರ" ಎಂದು. ಕಾರು ಉಸಿರುಕಟ್ಟದೆ ಹತ್ತಿತು. ಮೇಲೆ ನಿಂತು ಕೆಳಗೆ ಲೋಕಪಾವನಿ ಕಾವೇರಿಗೆ ಸೇರುವ ಕಡೆ ನೋಡುತ್ತ ಆಚಾರ್ರು ಎಲೆಅಡಿಕೆ ಹಾಕಿಕೊಂಡರು. "ಗಾಡಿ ಓದ್ವು ಅಂತ ಉರಿ ಮೂಲೇಗಾಕಿದ್ದೆ" ಎಂದರು. ಆ ಹುರಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಮುಖದಲ್ಲಿ ಒಂಥರಾ ಕಳೆಯಿತ್ತು. ನನ್ನ ಮುಖದಲ್ಲೂ ಇದ್ದಿರಬೇಕು.

ಉಳಿದದ್ದು ಅವ್ವನನ್ನು ಒಪ್ಪಿಸುವ ಕೆಲಸ. ಒಂದು ಸಲ ಸೀರೆ ಮಡಿಚಿಟ್ಟವಳು ಮತ್ತೆ ಬಿಚ್ಚುವುದು ಸುಲಭವಲ್ಲ. ಜೊತೆಗೆ ಈಗ ಮುಂದೆ ಕೂರಬೇಕು ಎಂಬ ಹೊಸ ಷರತ್ತು.

"ಮುಂದ್ಲ ಸೀಟು ಗಂಡಸ್ರುದು. ನಾನ್ಯಾಕ್ ಕೂರ್ಲಿ?"

"ಎಳೆಯೋ ಚಕ್ರದ ಮೇಲೆ ಭಾರ ಬೇಕು ಕಣವ್ವ. ಮುಂಭಾರ."

"ಓ, ಅಂಗಾದ್ರೆ ನಾನು ರಾಗಿ ಮೂಟೆ ಅನ್ನು!"

ಅಣ್ಣ ಜಗುಲಿಯಿಂದ, "ರಾಗಿ ಮೂಟೆ ಇಂಗೆ ಮಾತಾಡಕಿಲ್ಲ ಬುಡವ್ವ" ಎಂದ. ಅವ್ವ ನಕ್ಕಳು. ನಕ್ಕದ್ದೇ ತಡ ನಾನು ಪೆಟ್ಟಿಗೆಯ ಬೀಗದ ಕೈ ತಂದುಕೊಟ್ಟೆ.

ಈ ಸಲ ಜಾಡಿನಲ್ಲಿ ಹೊಟ್ಟೆ ಒಂದು ಕಡೆಯೂ ತಾಗಲಿಲ್ಲ. ಹಿಂದಿನ ದಿನ ಅಣ್ಣ ಟ್ರಾಕ್ಟರಿಗೆ ಹಲಗೆ ಕಟ್ಟಿ ಆ ದಿಬ್ಬವನ್ನು ಸವರಿದ್ದ ಎಂದು ಊರಿನ ಕೆಲವರು ಇವತ್ತಿಗೂ ಹೇಳುತ್ತಾರೆ. ನಾನು ಆ ಬಗ್ಗೆ ವಿಚಾರಣೆ ನಡೆಸಿಲ್ಲ. ಅರ್ಧ ಇಂಚಿನ ಯಶಸ್ಸನ್ನು ಹಂಚಿಕೊಳ್ಳುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ನಾಲೆ ಏರಿ ಬಂತು. ನಾನು ಎರಡನೇ ಗೇರು ಹಾಕಿದೆ. ಅವ್ವ ಮುಂದಿನ ಸೀಟಿನಲ್ಲಿ ಡ್ಯಾಶ್‌ಬೋರ್ಡಿಗೆ ಎರಡೂ ಕೈ ಊರಿ, ಮುಂದಕ್ಕೆ ಬಾಗಿ, ತನ್ನ ಭಾರವನ್ನೆಲ್ಲ ಚಕ್ರಕ್ಕೆ ಕೊಡುತ್ತ, "ನಡಿ, ನಡಿ, ನಡಿ" ಎಂದಳು. ಕಾರು ನಡೆಯಿತು. ಟಾರು ರಸ್ತೆ ಮುಟ್ಟಿದಾಗ ಅವಳು ಬೆನ್ನು ಒರಗಿಸಿ ನನ್ನ ಕಡೆ ನೋಡಿದ ನೋಟವನ್ನು ನಾನು ಯಾವ ಪ್ರಶಸ್ತಿಪತ್ರದ ಜೊತೆಗೂ ಬದಲಾಯಿಸಿಕೊಳ್ಳುವವನಲ್ಲ.

ವಾಂತಿಯೂ ಆಗಲಿಲ್ಲ. ಮುಂದೆ ಕೂತು ದಾರಿಯನ್ನೇ ನೋಡುತ್ತಿದ್ದುದರಿಂದಲೋ, ಎದುರಿಗೆ ಬಂದ ಪ್ರತಿಯೊಂದು ಎಮ್ಮೆಗೂ ಬುದ್ಧಿ ಹೇಳುವುದರಲ್ಲಿ ಪುರುಸೊತ್ತಿಲ್ಲದ್ದರಿಂದಲೋ. ಮೇಲುಕೋಟೆಯ ಬೆಟ್ಟ ಕಂಡಾಗ ಕೂತಲ್ಲೇ ಕೈಮುಗಿದಳು. ನಾಗಮಂಗಲ ದಾಟುವಷ್ಟರಲ್ಲಿ ನನ್ನ ಗೇರು ಬದಲಾವಣೆಯ ಬಗ್ಗೆ ಸಲಹೆ ಕೊಡುವ ಮಟ್ಟಕ್ಕೆ ಬಂದಿದ್ದಳು.

ಚಿಕ್ಕವ್ವ ಜಗುಲಿಯ ಮೇಲೆ ಕೋಲು ಹಿಡಿದು ಕೂತಿದ್ದಳು. ಕಾರು ಅಂಗಳದಲ್ಲಿ ನಿಂತಿತು. ಅವ್ವ ಇಳಿದಳು. ಇಬ್ಬರೂ ಮುಖ ಮುಖ ನೋಡಿಕೊಂಡರು, ಒಂಬತ್ತು ವರ್ಷ.

"ಮುದ್ಕಿ ಆಗ್ಬುಟ್ಟಿದ್ದೀಯಲ್ಲೇ" ಎಂದಳು ಅವ್ವ.

"ನೀನೇನ್ ಅರೇದೋಳಾ?" ಎಂದಳು ಚಿಕ್ಕವ್ವ. ಇಬ್ಬರೂ ಸೆರಗಿನಲ್ಲಿ ಮೂಗೊರೆಸಿಕೊಂಡರು.

ಅಷ್ಟರಲ್ಲಿ ಮನೆ ತುಂಬಿತು. ಅಕ್ಕಪಕ್ಕದವರು, ಚಿಕ್ಕವ್ವನ ಸೊಸೆಯರು, ಅವರ ಮಕ್ಕಳು. ಎಲ್ಲರೂ ಅವ್ವನನ್ನು ಮಾತಾಡಿಸುವವರೇ, ಎಲ್ಲರೂ ಕಾಫಿ ಕೊಡುವವರೇ. ಊಟವಾದ ಮೇಲೂ ಸಂದಣಿ ಕರಗಲಿಲ್ಲ. ಅಕ್ಕತಂಗಿಗೆ ಒಂದು ಮಾತು ತಮ್ಮತಮ್ಮಲ್ಲೇ ಆಡಿಕೊಳ್ಳಲು ಜಾಗವಿರಲಿಲ್ಲ. ನಾನು ಅಂಗಳದಲ್ಲಿ ನಾಲ್ಕು ಜನ ಗಂಡಸರಿಗೆ ಟೈರಿನ ಗೋಡೆಯ ಶೇಕಡಾ ಲೆಕ್ಕವನ್ನು ವಿವರಿಸುತ್ತಿದ್ದೆ. ಹೊಂಗೆಮರದ ನೆರಳು ಕಾರಿನ ಮೇಲೆ ಬಂದಿತ್ತು.

ಅವ್ವ ಚಿಕ್ಕವ್ವನ ಕೈ ಹಿಡಿದುಕೊಂಡು ಮೆಲ್ಲಗೆ ಬಂದಳು. ನನ್ನನ್ನು ಕೇಳಲಿಲ್ಲ. ಮುಂದಿನ ಬಾಗಿಲು ತೆಗೆದು ತಂಗಿಯನ್ನು ಸ್ಟೇರಿಂಗಿನ ಹಿಂದೆ ಕೂರಿಸಿ, ಕೋಲನ್ನು ಹಿಂದಿನ ಸೀಟಿಗೆ ಹಾಕಿದಳು. ಆ ಕಡೆಯಿಂದ ಸುತ್ತಿಬಂದು ತನ್ನ ಜಾಗದಲ್ಲಿ ಕೂತಳು. ಎರಡೂ ಬಾಗಿಲು ಮುಚ್ಚಿದವು. ಹಿಡಿ ತಿರುಗಿಸಿ ಗಾಜು ಏರಿಸಿದಳು. ಚಿಕ್ಕವ್ವನಿಗೂ ಹೇಗೆಂದು ತೋರಿಸಿಕೊಟ್ಟಳು. ಒಳಗೆ ಇಬ್ಬರೂ ಮುಂದಕ್ಕೆ ನೋಡುತ್ತ ಮಾತಾಡತೊಡಗಿದರು. ಚಿಕ್ಕವ್ವ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದುಕೊಂಡೇ ಇದ್ದಳು. ಒಮ್ಮೊಮ್ಮೆ ಇಬ್ಬರೂ ನಗುವುದು ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ. ಒಂದು ಸಲ ಚಿಕ್ಕವ್ವ ಅತ್ತಂತೆಯೂ ಕಂಡಿತು. ನಾನು ಮಕ್ಕಳನ್ನು ಹತ್ತಿರ ಬಿಡದೆ ಕಾದೆ.

ಬಿಸಿಲು ಇಳಿಯಿತು. ಹೊರಡಬೇಕಿತ್ತು. ಹೋಗಿ ಗಾಜಿನ ಮೇಲೆ ಮೆಲ್ಲಗೆ ತಟ್ಟಿದೆ. ಅವ್ವ ನಾಲ್ಕು ಬೆರಳಿನಷ್ಟು ಗಾಜು ಇಳಿಸಿದಳು.

"ವಸಿ ತಡ್ಕಲಾ" ಎಂದಳು. "ನಾವಿನ್ನೂ ಇವಳ್ ಮದ್ವೆತಂಕ್ಲೂ ಬಂದಿಲ್ಲ."

ಗಾಜು ಮೇಲೇರಿತು.